ಹೆರಾಲ್ಡ್ ಏರಿನಲ್ಲಿ ಸೀನುತ್ತದೆ, ಯಾವ ಜೆಟ್ ಹಾಕಲಿ?

ಕುಂಬಳೆಯಿಂದ ಕೇಳಿದ್ದು:

ಅಪ್ಪನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್, 1147 ಸಿಸಿ. ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂದದ್ದೂ ಇದೇ ಎಂಜಿನ್ ಕುಟುಂಬದಿಂದ ಅಲ್ವಾ? ಆ ಆಸೆಗೆ ಹಳೇ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ತೆಗೆದು ಎರಡು ಬ್ಯಾರಲ್‌ನ, ಅಂದರೆ ಎರಡು ಗಾಳಿ ಕೊಳವೆಯ, ವೆಬರ್ 40 ಡಿಸಿಒಇ ಒಂದನ್ನು ಕೂರಿಸಿದೆ. ವೆಂಚುರಿ (ಗಾಳಿ ಹೋಗುವ ಕಿರಿದಾದ ಕತ್ತು) 28 ಮಿ.ಮೀ. ಹೆದ್ದಾರಿಯಲ್ಲಿ ಕಾಲು ಒತ್ತಿದರೆ ಚೆನ್ನಾಗಿ ಓಡುತ್ತದೆ. ಸೀತಾಂಗೋಳಿ ಕಡೆ ಏರುವಾಗ ಮೆಲ್ಲ ಕಾಲಿಟ್ಟರೆ ಮಾತ್ರ ಜಗ್ಗುತ್ತದೆ, ಕಾರ್ಬ್ಯುರೇಟರ್ ಬಾಯಿಂದ ಪಟ್ ಪಟ್ ಅಂತ ಸೀನುತ್ತದೆ. ಮೆಕ್ಯಾನಿಕ್ ಒಬ್ಬರು ಮೇನ್ ಜೆಟ್‌ಗೆ (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು) ಡ್ರಿಲ್ ಹಾಕಿ ದೊಡ್ಡದು ಮಾಡಿದರು. ಮೈಲೇಜ್ ಹೋಯ್ತು, ಸೀನು ಹೋಗಲಿಲ್ಲ. ಇನ್ನೂ ದೊಡ್ಡದು ಹಾಕಲಾ?

ಬದಿಯಡ್ಕದಿಂದ:

ಬೇಡ ಮಾರಾಯ್ರೆ. ಹತ್ತು ವರ್ಷದ ಹಿಂದೆ ನಾನೂ ಇದೇ ಮಾಡಿ ಎರಡು ಜೊತೆ ಜೆಟ್ ಹಾಳು ಮಾಡಿದವ. ಮೆಲ್ಲ ಹೋಗುವಾಗ ಮೇನ್ ಜೆಟ್‌ಗೆ ಕೆಲಸವೇ ಇಲ್ಲ. ಸುಮಾರು 2,500-3,000 ಆರ್‌ಪಿಎಂ ತನಕ, ಥ್ರಾಟಲ್ ಸ್ವಲ್ಪ ತೆರೆದಿರುವಾಗ, ಪೆಟ್ರೋಲ್ ಬರುವುದು ಐಡಲ್ ಜೆಟ್‌ನಿಂದ. ಸೀನುವುದು ಅಂದರೆ ಅಲ್ಲಿ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ.

ಮೇಲಿನ ದುಂಡು ಮುಚ್ಚಳದ ಚಿಟ್ಟೆ ನಟ್ ಬಿಚ್ಚಿ. ಒಳಗೆ ಒಂದೊಂದು ಬ್ಯಾರಲ್‌ಗೆ ಎರಡೆರಡು ಹಿತ್ತಾಳೆ ತಲೆ ಕಾಣುತ್ತದೆ. ಒಂದರಲ್ಲಿ ಮೇನ್ ಜೆಟ್, ಎಮಲ್ಷನ್ ಟ್ಯೂಬ್ (ಪೆಟ್ರೋಲ್‌ಗೆ ಗಾಳಿ ಸೇರಿಸುವ ತೂತಿನ ಕೊಳವೆ), ಏರ್ ಕರೆಕ್ಟರ್ (ಆ ಗಾಳಿಯ ಜೆಟ್) ಒಂದರ ಮೇಲೊಂದು ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಐಡಲ್ ಜೆಟ್. ಅದರ ಮೈಮೇಲೆ 45ಎಫ್9 ಅಂತೇನೋ ಕೊರೆದಿರುತ್ತದೆ. 45 ಅಂದರೆ ತೂತು 0.45 ಮಿ.ಮೀ., ಎಫ್9 ಗಾಳಿಯ ತೂತಿನ ಲೆಕ್ಕ. ಆಕಾಶಕ್ಕೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣಬೇಕು. ಕಟ್ಟಿದ್ದರೆ ತಂತಿ ಹಾಕಬೇಡಿ. ಹಿಡಿಸೂಡಿ ಕಡ್ಡಿಯೂ ಬೇಡ, ಒಳಗೇ ಮುರಿಯುತ್ತದೆ (ಅದೂ ಅನುಭವವೇ). ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಬಿಡಿ, ಸಾಕು.

ಮಿಕ್ಸ್ಚರ್ ಸ್ಕ್ರೂ (ಐಡಲ್‌ನ ಮಿಶ್ರಣ ಹೆಚ್ಚು ಕಮ್ಮಿ ಮಾಡುವ ತಿರುಪು) ಪೂರ್ತಿ ಮುಚ್ಚಿ, ಎಷ್ಟು ಸುತ್ತು ಬಿಚ್ಚಿದಾಗ ಎಂಜಿನ್ ಸಮ ಆಗುತ್ತದೆ ಅಂತ ಎಣಿಸಿ. ಹಳೇ ಡಿಸಿಒಇಯಲ್ಲಿ ಒಂದು ಸುತ್ತಿನ ಒಳಗೆ ಆಗಬೇಕು. ಸ್ಕ್ರೂವಿನ ಥ್ರೆಡ್ ಸಣ್ಣದಿರುವ ಹೊಸದರಲ್ಲಿ ಎರಡು, ಎರಡೂವರೆ. ಅದಕ್ಕಿಂತ ತುಂಬಾ ಹೊರಗೆ ಬಂದರೆ ಐಡಲ್ ಜೆಟ್ ಸಣ್ಣದಾಯಿತು ಅಂತಲೇ ಲೆಕ್ಕ. ಆಗ 50ಎಫ್9 ಹಾಕಿ ನೋಡಿ.

ಡ್ರಿಲ್ ಹಾಕಿದ ಜೆಟ್ ಬಿಸಾಡಿ. ಈಗ ಅದರ ಅಳತೆ ಯಾರಿಗೂ ಗೊತ್ತಿಲ್ಲ. ಮೇನ್ ಜೆಟ್ ಶುರು ಮಾಡಲು ವೆಂಚುರಿಯನ್ನು ನಾಲ್ಕರಿಂದ ಗುಣಿಸುವ ಹಳೇ ಲೆಕ್ಕ ಇದೆ. ನಿಮ್ಮದು 28, ಹಾಗಾಗಿ 112. ಅಂದರೆ 110 ಅಥವಾ 115. ಅದಕ್ಕೆ 50 ಸೇರಿಸಿದರೆ ಏರ್ ಕರೆಕ್ಟರ್.

ಮಂಜೇಶ್ವರದಿಂದ:

ಜೆಟ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್‌ನ ಅಂತರ) ನೋಡಿದ್ದೀರಾ? 0.4 ಮಿ.ಮೀ. ಇರಬೇಕು. ಪಾಯಿಂಟ್ ಜೊತೆಗಿರುವ ಕಂಡೆನ್ಸರ್ ಹೋದರೂ ಇದೇ ತರ ಜಗ್ಗುತ್ತದೆ. ನಾನು ಎರಡು ತಿಂಗಳು ಕಾರ್ಬ್ಯುರೇಟರ್‌ಗೆ ಬೈದದ್ದು ಸುಮ್ನೆ. ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್ ನಡುವಿನ ರಬ್ಬರ್ ರಿಂಗ್ ಒಣಗಿದ್ದರೂ ಗಾಳಿ ಎಳೆಯುತ್ತದೆ.

ಮುಳ್ಳೇರಿಯದಿಂದ:

ಪೆಟ್ರೋಲ್ ವಿಷಯ ಯಾರೂ ಹೇಳಲಿಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಸೇರಿದ್ದು. ಎಥೆನಾಲ್ ಸೇರಿದ ಪೆಟ್ರೋಲ್ ಉರಿಯಲು ಅಷ್ಟೇ ಗಾಳಿಗೆ ಸುಮಾರು ನೂರಕ್ಕೆ ಎಂಟರಷ್ಟು ಹೆಚ್ಚು ಪೆಟ್ರೋಲ್ ಬೇಕು. ಪುಸ್ತಕದ ಲೆಕ್ಕದಲ್ಲಿ ಕೂರಿಸಿದ ಹಳೇ ಗಾಡಿಗಳೆಲ್ಲ ಈಗ ಸ್ವಲ್ಪ ಹಸಿದೇ ಓಡುತ್ತಿವೆ. 115ರಿಂದ 120ಕ್ಕೆ ಹೋದರೆ ತೂತಿನ ವಿಸ್ತಾರ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. ಒಂದೇ ಮೆಟ್ಟಿಲು ಸಾಕು, ಡ್ರಿಲ್ ಯಾಕೆ? ಹಳೇ ರಬ್ಬರ್ ಪೈಪೂ ಬದಲಿಸಿ, ಎಥೆನಾಲ್‌ಗೆ ಅದು ಮೆತ್ತಗಾಗಿ ಒಡೆಯುತ್ತದೆ.

ಇನ್ನೊಂದು. ನಾನು ಆದೂರು, ಜಾಲ್ಸೂರು, ಸಂಪಾಜೆ ದಾರಿಯಲ್ಲಿ ಮಡಿಕೇರಿಗೆ ಹೋಗುವುದಿದೆ. ಅಲ್ಲಿ ಸುಮಾರು 1,150 ಮೀಟರ್ ಎತ್ತರ, ಗಾಳಿ ತೆಳು, ಗಾಡಿ ಪೆಟ್ರೋಲ್ ಜಾಸ್ತಿ ಕುಡಿದು ಹೊಗೆ ಬಿಡುತ್ತದೆ. ಅಲ್ಲಿ ಸರಿ ಮಾಡಿದ ಜೆಟ್ ಹಾಕಿಕೊಂಡು ಕರಾವಳಿಗೆ ಇಳಿದರೆ ಪಿಸ್ಟನ್ ಸುಟ್ಟೀತು. ಟ್ಯೂನ್ ಮಾಡುವುದು ಕೆಳಗೇ.

ಕುಂಬಳೆಯಿಂದ, ಎರಡು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಪಾಯಿಂಟ್ ಸರಿ ಇತ್ತು. ಮುಚ್ಚಳ ಬಿಚ್ಚಿದರೆ ಒಂದು ಬ್ಯಾರಲ್‌ನಲ್ಲಿ 45ಎಫ್9, ಇನ್ನೊಂದರಲ್ಲಿ 45ಎಫ್8! ಯಾವ ಪುಣ್ಯಾತ್ಮ ಹಾಕಿದ್ದೋ. ಫ್ಲೋಟ್ ಚೇಂಬರಿನ (ಕಾರ್ಬ್ಯುರೇಟರ್ ಒಳಗಿನ ಪೆಟ್ರೋಲ್ ತೊಟ್ಟಿ) ತಳದಲ್ಲಿ ವೀಳ್ಯಕ್ಕೆ ಹಚ್ಚುವ ಸುಣ್ಣದ ಹಾಗೆ ಬಿಳಿ ಪುಡಿ. ಮಳೆಗಾಲವಿಡೀ ನಿಲ್ಲಿಸಿಟ್ಟದ್ದಕ್ಕೆ ಇರಬೇಕು. ತೊಳೆದು 50ಎಫ್9 ಜೊತೆ ಹಾಕಿದೆ. ಸ್ಕ್ರೂ ಮುಕ್ಕಾಲು ಸುತ್ತಿಗೆ ನಿಂತಿತು. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಸೀತಾಂಗೋಳಿ ಹತ್ತಿದೆ, ಒಮ್ಮೆಯೂ ಸೀನಲಿಲ್ಲ. ಮೇನ್ ಸದ್ಯಕ್ಕೆ 115. ಜೋರು ಹೊಡೆದು ಬಂದ ಮೇಲೆ ಪ್ಲಗ್ ಬಿಚ್ಚಿದರೆ ತುದಿ ಸ್ವಲ್ಪ ಬೆಳ್ಳಗೇ ಇದೆ, ಅಂದರೆ ಇನ್ನೂ ಪೆಟ್ರೋಲ್ ಕಮ್ಮಿ. ಮುಳ್ಳೇರಿಯದವರೇ, ನಿಮ್ಮಲ್ಲಿ 120 ಒಂದು ಜೊತೆ ಇದ್ದರೆ ಭಾನುವಾರ ಬರಲಾ?