ಕುರ್ಚಿಯ ಚಿತ್ರ ಬಿಡಿಸಿದರೆ ಕಾಲು ನೆಲಕ್ಕೆ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮೈಸೂರು)
ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಅಂಗಳದಲ್ಲಿರುವ ಬಿಳಿ ಪ್ಲಾಸ್ಟಿಕ್ ಕುರ್ಚಿಯನ್ನು ಅಭ್ಯಾಸಕ್ಕೆ ಬಿಡಿಸುತ್ತಿದ್ದೇನೆ. ಸೀಟು, ಬೆನ್ನು ಸರಿಯಾಗಿಯೇ ಬರುತ್ತವೆ. ಕಾಲಿಗೆ ಬಂದಾಗ ಕೆಡುತ್ತದೆ. ಒಂದು ಉದ್ದ, ಒಂದು ಗಿಡ್ಡ, ಕುರ್ಚಿ ತೇಲುತ್ತದೆ. ನೆರಳು ಹಾಕಿದರೆ ಬಿಳಿ ಪೂರ್ತಿ ಕೊಳಕಾಗುತ್ತದೆ. ವಾಟರ್ ಕಲರ್, 300 ಜಿಎಸ್‌ಎಂನ ದಪ್ಪ ಪೇಪರ್.

ಉತ್ತರ 1 (ಮೈಸೂರು)
ಪೇಪರ್‌ದು ತಪ್ಪಿಲ್ಲ ಮೇಡಂ. ಎಷ್ಟು ದೂರ ಕೂತು ಬಿಡಿಸುತ್ತೀರಿ?

ಪ್ರಶ್ನೆ ಕೇಳಿದವರು
ಜಗಲಿ ಮೇಲೆ ಕೂರುತ್ತೇನೆ ಸರ್. ಕುರ್ಚಿ ಎರಡು ಮೂರು ಅಡಿ ಮುಂದೆ ಇರುತ್ತದೆ.

ಉತ್ತರ 1
ಹಾಗಾದರೆ ಅರ್ಧ ತೊಂದರೆ ಅಲ್ಲೇ ಇದೆ. ಅಷ್ಟು ಹತ್ತಿರ ಕೂತರೆ ಕಾಲು ನೋಡಲು ತಲೆ ಬಗ್ಗಿಸಬೇಕು, ಬೆನ್ನು ನೋಡಲು ಎತ್ತಬೇಕು. ಎರಡು ನೋಟ ಒಂದೇ ಚಿತ್ರದಲ್ಲಿ ಸೇರಿಕೊಳ್ಳುತ್ತವೆ. ಎಂಟೊಂಬತ್ತು ಅಡಿ ಹಿಂದೆ ಸರಿಯಿರಿ. ತಲೆ ಅಲ್ಲಾಡಿಸದೆ ಇಡೀ ಕುರ್ಚಿ ಕಾಣಬೇಕು. ಅಂಗಳದಲ್ಲಿ ಜಾಗ ಸಾಲದಿದ್ದರೆ ಕುಕ್ಕರಹಳ್ಳಿ ಕೆರೆ ಹತ್ತಿರದ ಬೆಂಚುಗಳಿಂದ ಶುರು ಮಾಡಿ. ವಾಕಿಂಗ್‌ನವರು ಎದ್ದು ಹೋಗುವ ತನಕ ಸ್ವಲ್ಪ ಕಾಯಬೇಕು, ಅಷ್ಟೇ.

ಇನ್ನು ಮೇಲೆ ಸೀಟಿನಿಂದ ಶುರು ಮಾಡಬೇಡಿ. ನಾಲ್ಕು ಕಾಲೂ ನೆಲಕ್ಕೆ ತಾಗುವ ಕಡೆ ನಾಲ್ಕು ಚುಕ್ಕೆ ಇಟ್ಟು, ರಂಗೋಲಿ ಎಳೆ ಸೇರಿಸುವ ಹಾಗೆ ತೆಳ್ಳಗೆ ಸೇರಿಸಿ. ಒಂದು ಓರೆ ಚೌಕ ಸಿಗುತ್ತದೆ. ಸೀಟಿನ ಅಂಚುಗಳು ಓಡುವ ದಿಕ್ಕಿಗೇ ಈ ಚೌಕದ ಅಂಚುಗಳೂ ಓಡಬೇಕು. ನೆಲ ನಮ್ಮ ಕಣ್ಣಿಗಿಂತ ಜಾಸ್ತಿ ಕೆಳಗಿದೆ ಅಲ್ವಾ, ಅದಕ್ಕೇ ನೆಲದ ಚೌಕ ಸೀಟಿಗಿಂತ ಹೆಚ್ಚು ತೆರೆದುಕೊಂಡು ಕಾಣುತ್ತದೆ. ತುಂಬಾ ಜನ ನಾಲ್ಕೂ ಕಾಲನ್ನು ಒಂದೇ ಗೆರೆಗೆ ತಂದು ನಿಲ್ಲಿಸುತ್ತಾರೆ. ತೇಲುವುದು ಆಗಲೇ.

ಪ್ಲಾಸ್ಟಿಕ್ ಕುರ್ಚಿಯ ಕಾಲು ನೆಟ್ಟಗೆ ಇರುವುದಿಲ್ಲ, ಅದನ್ನೂ ಗಮನಿಸಿ. ಒಂದರ ಮೇಲೊಂದು ಪೇರಿಸಲು ಅನುಕೂಲವಾಗಲಿ ಅಂತ ಕೆಳಗೆ ಹೋದಂತೆ ಹೊರಕ್ಕೆ ಚಾಚಿರುತ್ತದೆ. ಎಷ್ಟು ಚಾಚಿದೆ ಅಂತ ತಿಳಿಯದಿದ್ದರೆ ಕಾಲನ್ನು ಬಿಡಿ, ಎರಡು ಕಾಲಿನ ನಡುವಿನ ಖಾಲಿ ಜಾಗದ ಆಕಾರ ಬಿಡಿಸಿ. ಕಾಲು ತಾನಾಗಿ ಬರುತ್ತದೆ.

ಉತ್ತರ 2 (ಮಂಡ್ಯ)
ನೆರಳಿಗೆ ಕಪ್ಪು ಬಣ್ಣ ಬೆರೆಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಸೇರಿಸಿ, ನೀರು ಜಾಸ್ತಿ ಮಾಡಿ. ಒಂದೇ ಸಲ ಹಚ್ಚಿ ಬಿಟ್ಟುಬಿಡಿ. ಒಣಗುವ ಮೊದಲೇ ಮತ್ತೆ ತೀಡಿದರೆ ಕೊಳಕಾಗುವುದು ಖಂಡಿತ. ಸೀಟಿನ ಅಡಿಭಾಗ ಹತ್ತಿರದಿಂದ ನೋಡಿ, ನೆಲದ ಬಣ್ಣ ಅಲ್ಲಿಗೆ ಬಡಿದಿರುತ್ತದೆ. ಕೆಮ್ಮಣ್ಣಾದರೆ ಅಲ್ಲಿ ಕಿತ್ತಳೆ ಛಾಯೆ ಇರುತ್ತದೆ. ಬಿಸಿಲು ಬಿದ್ದ ಕಡೆ ಪೇಪರ್ ಬಿಳುಪನ್ನೇ ಉಳಿಸಿ, ಹಿಂದಿನ ಗಿಡಗಳನ್ನು ಗಾಢ ಮಾಡಿ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆಲದ ಮೇಲಿನ ನೆರಳನ್ನು ಪೆನ್ಸಿಲ್‌ನಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ, ಆಮೇಲೆ ಬದಲಾಯಿಸಬೇಡಿ. ನೆರಳು ಕಾಲಿನ ತುದಿಯಿಂದಲೇ ಹೊರಡಬೇಕು. ನಡುವೆ ಸಂದು ಬಿಟ್ಟರೂ ಕುರ್ಚಿ ತೇಲುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಅಂಗಳಕ್ಕೆ ಕೆಂಪು ಟೈಲ್ಸ್ ಹಾಕಿದೆ. ಅದನ್ನೂ ಬಿಡಿಸಬೇಕಾ?

ಉತ್ತರ 1
ಬಿಡಿಸಿ, ಅದರಿಂದ ನಿಮಗೇ ಸಹಾಯ. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬಿಡಿಸಿದ ಹಳದಿ ಕುರ್ಚಿ ನೋಡಿ. ಮನೆಯೊಳಗಿನ ಕುರ್ಚಿ, ಆದರೆ ಕೆಂಪು ಟೈಲ್ಸ್ ಮೇಲೇ ನಿಂತಿದೆ. ನೀವೂ ಯಾವ ಕಾಲು ಯಾವ ಟೈಲ್ ಮೇಲಿದೆ ಅಂತ ಎಣಿಸಿಕೊಂಡು ಚುಕ್ಕೆ ಇಡಿ. ಮುಂದಿನ ಚಿತ್ರ ಇಲ್ಲಿ ಹಾಕುವಾಗ ಆ ಚುಕ್ಕೆಗಳನ್ನು ಅಳಿಸಬೇಡಿ, ಎಲ್ಲಿ ಜಾರಿದೆ ಅಂತ ಹೇಳಲು ನಮಗೆ ಸುಲಭ.