ರಾತ್ರಿ ಅನಸ್ತೇಶಿಯಾದವರು ಇಲ್ಲದ ಐಸಿಯು: ಡ್ಯೂಟಿ ಡಾಕ್ಟರುಗಳಿಗೆ ಏರ್‌ವೇ ತರಬೇತಿ ಎಲ್ಲಿಂದ ಶುರು ಮಾಡೋದು?

ಅಡಿಕೆಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಮೆಡಿಸಿನ್‌ನವನು, ಮಲೆನಾಡಿನ ಒಂದು ಊರಲ್ಲಿ ಎಂಟು ಹಾಸಿಗೆಯ ಐಸಿಯು ನೋಡಿಕೊಳ್ತಿದ್ದೀನಿ. ಹಗಲು ಹೊತ್ತು ಓಟಿಯಲ್ಲಿ ಅನಸ್ತೇಶಿಯಾದವರು ಇರ್ತಾರೆ, ಕೂಗಿದರೆ ಬರ್ತಾರೆ. ರಾತ್ರಿಯಾದರೆ ಮನೆಯಿಂದ ಬರಬೇಕು. ಮಳೆಗಾಲದಲ್ಲಿ ಅರ್ಧ ಗಂಟೆ ಅಂದುಕೊಳ್ಳಿ. ಆ ಅರ್ಧ ಗಂಟೆ ರೋಗಿಯ ಪಕ್ಕ ಇರೋದು ಎಂಬಿಬಿಎಸ್ ಮುಗಿಸಿ ನೀಟ್ ಪಿಜಿಗೆ ಓದ್ತಿರೋ ಒಬ್ಬ ಹುಡುಗ ಅಥವಾ ಹುಡುಗಿ, ಜೊತೆಗೆ ಇಬ್ಬರು ಸಿಸ್ಟರ್. ಈ ಹುಡುಗರು ಕೆಲವೇ ತಿಂಗಳಿಗೆ ಬದಲಾಗ್ತಾರೆ.

ಬರೋ ಕೇಸುಗಳು ನಿಮಗೆ ಗೊತ್ತಿರೋದೇ. ತೋಟಕ್ಕೆ ಹೊಡೆಯೋ ಔಷಧಿ ಕುಡಿದವರು, ಕಟ್ಟುಹಾವು ಕಡಿದು ರೆಪ್ಪೆ ಬಿದ್ದವರು, ನ್ಯುಮೋನಿಯಾ, ಸೆಪ್ಸಿಸ್. ಇದರ ಮೇಲೆ ನಮ್ಮ ಕಡೆಯ ವಿಶೇಷ: ಅಡಿಕೆ, ಗುಟ್ಕಾ ಅಗಿದು ಅಗಿದು ಕೆನ್ನೆ ಒಳಗೆ ಗಟ್ಟಿಯಾಗಿ, ಬಾಯಿ ಎರಡು ಬೆರಳೂ ತೆರೆಯದವರು.

ಮ್ಯಾನೇಜ್‌ಮೆಂಟ್ ಈ ವರ್ಷ ಸ್ವಲ್ಪ ದುಡ್ಡು ಕೊಡೋಕೆ ಒಪ್ಪಿದೆ. ಉಸಿರಿನ ಟ್ಯೂಬ್ ಹಾಕುವಾಗ ಗಂಟಲೊಳಗನ್ನ ಪರದೆ ಮೇಲೆ ತೋರಿಸೋ ಒಂದು ವಿಡಿಯೊ ಲ್ಯಾರಿಂಗೋಸ್ಕೋಪ್ ತಗೋಬಹುದು, ಇಲ್ಲಾ ಇಬ್ಬರನ್ನು ಬೆಂಗಳೂರಿನ ಏರ್‌ವೇ (ಉಸಿರಿನ ದಾರಿ) ವರ್ಕ್‌ಶಾಪ್‌ಗೆ ಕಳಿಸಬಹುದು. ಎರಡೂ ಆಗಲ್ಲ. ನೀವಾಗಿದ್ದರೆ ಯಾವುದು ಮಾಡ್ತಿದ್ದಿರಿ? ನಮ್ಮಲ್ಲೇ ತರಬೇತಿ ನಡೆಸೋದಾದರೆ ಏನು ಕಲಿಸಬೇಕು?

ಗ್ಯಾಸ್ ಮೇಡಂ

ಡಾಕ್ಟ್ರೇ, ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಹೇಳಿ, ಐಸಿಯು ಹಾಸಿಗೆ ಪಕ್ಕ ಕ್ಯಾಪ್ನೋಗ್ರಾಫ್, ಅಂದರೆ ಹೊರಬಿಡೋ ಉಸಿರಿನ ಕಾರ್ಬನ್ ಡೈಆಕ್ಸೈಡನ್ನ ಗೆರೆಯಾಗಿ ತೋರಿಸೋ ಯಂತ್ರ, ಇದೆಯಾ? ಓಟಿಯಲ್ಲಿರೋದನ್ನ ಕೇಳ್ತಿಲ್ಲ. ನೀವು ಅದರ ಸುದ್ದಿಯನ್ನೇ ಎತ್ತಿಲ್ಲವಲ್ಲ, ಅದಕ್ಕೆ ಅನುಮಾನ.

ಬ್ರಿಟನ್ನಿನವರು 2008ರ ಸೆಪ್ಟೆಂಬರಿಂದ ಒಂದು ವರ್ಷ ದೇಶದ ದೊಡ್ಡ ಏರ್‌ವೇ ಅವಘಡಗಳನ್ನೆಲ್ಲ ಕಲೆಹಾಕಿದರು. ನ್ಯಾಪ್-4 ಅಂತ ವರದಿ ಬಂದಿದ್ದು 2011ರಲ್ಲಿ. ಒಟ್ಟು 184 ಘಟನೆ, ಅದರಲ್ಲಿ ಐಸಿಯುದು 36. ಕಡಿಮೆ ಅಲ್ವಾ ಅನ್ನಿಸುತ್ತೆ. ಆದರೆ ಆ ಐಸಿಯು ರೋಗಿಗಳಲ್ಲಿ ಶೇ 61 ಮಂದಿ ತೀರಿಕೊಂಡರು ಅಥವಾ ಮಿದುಳಿಗೆ ಪೆಟ್ಟಾಯಿತು. ಓಟಿಯ ಘಟನೆಗಳಲ್ಲಿ ಅದು ಶೇ 14. ಐಸಿಯು ಸಾವುಗಳಲ್ಲಿ ಶೇ 70ಕ್ಕಿಂತ ಹೆಚ್ಚಿನವಕ್ಕೆ ಕ್ಯಾಪ್ನೋಗ್ರಾಫ್ ಹಾಕದೇ ಇದ್ದದ್ದೂ ಒಂದು ಕಾರಣವಿರಬಹುದು ಅಂತ ಬರೆದಿದ್ದಾರೆ. ಹಾಗಾಗಿ ನಿಮ್ಮ ದುಡ್ಡಿನ ಮೊದಲ ರೂಪಾಯಿ ಅದಕ್ಕೆ ಹೋಗಲಿ. ನಿಮ್ಮ ಮಾನಿಟರಿಗೇ ಅದನ್ನ ಅಳೆಯೋ ಇಟಿಸಿಒ2 ಮಾಡ್ಯೂಲ್ ಸೇರಿಸೋಕೆ ಆಗುತ್ತಾ ಅಂತ ಕಂಪನಿಯವರನ್ನ ಕೇಳಿ, ಎಷ್ಟೋ ಮಾನಿಟರುಗಳಿಗೆ ಆಗುತ್ತೆ.

ಟ್ಯೂಬ್ ಅನ್ನನಾಳಕ್ಕೆ ಹೋಗಿದ್ದರೂ ಸ್ಟೆತೊಸ್ಕೋಪಿನಲ್ಲಿ "ಎರಡೂ ಕಡೆ ಏರ್ ಎಂಟ್ರಿ ಇದೆ" ಅಂತ ಕೇಳಿಸಬಹುದು. ಟ್ಯೂಬಿನೊಳಗೆ ಆವಿ ಕಟ್ಟಿದ್ದನ್ನೂ ನಂಬಬೇಡಿ. ಉಸಿರು ಉಸಿರಿಗೂ ಗೆರೆ ಏಳ್ತಾ ಇರಬೇಕು. ಚಪ್ಪಟೆಯಾಗಿದ್ದರೆ ಟ್ಯೂಬ್ ತಪ್ಪು ಜಾಗದಲ್ಲಿದೆ ಅಂತಲೇ ಹಿಡೀರಿ. "ಕಾರ್ಡಿಯಾಕ್ ಅರೆಸ್ಟ್ ಆಗಿದೆ ಮೇಡಂ, ಅದಕ್ಕೇ ಬರ್ತಿಲ್ಲ" ಅನ್ನೋ ಸಬೂಬು ಬೇಡ. ಎದೆ ಸರಿಯಾಗಿ ಒತ್ತುತ್ತಿದ್ದರೆ ಕುಳ್ಳಗಾದರೂ ಗೆರೆ ಬರುತ್ತೆ. ಹೊಸದಾಗಿ ಸೇರೋ ಪ್ರತಿಯೊಬ್ಬರಿಗೂ ಮೊದಲ ದಿನ ಇದೊಂದನ್ನೇ ಕಲಿಸಿದರೂ ಸಾಕು.

ಈಗ ಏನು ಕಲಿಸಬೇಕು ಅನ್ನೋದು. ಕೆಲವೇ ತಿಂಗಳಲ್ಲಿ ಹೊರಟುಹೋಗೋ ಹುಡುಗರನ್ನ ಟ್ಯೂಬ್ ಹಾಕೋದರಲ್ಲಿ ಪಳಗಿಸ್ತೀನಿ ಅನ್ನೋ ಆಸೆ ಬಿಡಿ. ಓಟಿಯಲ್ಲಿ, ಹೊಟ್ಟೆ ಖಾಲಿ ಇರೋ ಗಟ್ಟಿಮುಟ್ಟಾದ ರೋಗಿಗಳ ಮೇಲೆ ಕಲಿಯುವಾಗಲೇ, ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹಾಕೋ ಹಂತ ಮುಟ್ಟೋಕೆ 50ರ ಆಸುಪಾಸು ಇಂಟ್ಯುಬೇಶನ್ ಬೇಕು ಅಂತ ಅಧ್ಯಯನಗಳು ಹೇಳ್ತವೆ. ನಿಮ್ಮಲ್ಲಿ ಅದೆಲ್ಲಿ ಸಿಗುತ್ತೆ? ಅವರಿಂದ ನಿಮಗೆ ಬೇಕಾಗಿರೋದು ಆ ಅರ್ಧ ಗಂಟೆ ರೋಗಿ ನೀಲಿಗಟ್ಟದಂತೆ ನೋಡಿಕೊಳ್ಳೋದು. ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿದು ದವಡೆ ಎತ್ತಬೇಕು, ಇನ್ನೊಬ್ಬರು ಗಾಳಿ ತುಂಬೋ ಅಂಬು ಚೀಲ ಒತ್ತಬೇಕು. ಒಂದೇ ಕೈಯಲ್ಲಿ ಮಾಸ್ಕ್ ಹಿಡಿದು ಇನ್ನೊಂದರಲ್ಲಿ ಒತ್ತೋ ಶೋಕಿ ಬೇಡ, ದಪ್ಪ ಕತ್ತಿನವರಲ್ಲಿ ಅದು ಕೈಕೊಡುತ್ತೆ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚದಂತೆ ತಡೆಯೋ ಗ್ಯುಡೆಲ್, ಧ್ವನಿಪೆಟ್ಟಿಗೆಯ ಮೇಲೆ ಕೂರೋ ಐ-ಜೆಲ್, ಎರಡನ್ನೂ ಹಾಕೋಕೆ ಬರಬೇಕು. ಐ-ಜೆಲ್ ಎರಡು ಮಧ್ಯಾಹ್ನ ಮ್ಯಾನಿಕಿನ್ ಮೇಲೆ, ಆಮೇಲೆ ನಿಮ್ಮ ಅನಸ್ತೇಶಿಯಾದವರ ಕೈ ಕೆಳಗೆ ಓಟಿಯಲ್ಲಿ. ಅವರನ್ನ ಒಪ್ಪಿಸಿ. ಅವರಿಗೂ ರಾತ್ರಿ ನೆಮ್ಮದಿ ಬೇಕಲ್ಲ.

ಟ್ಯೂಬ್ ಹಾಕೋ ಮುಂಚಿನ ಐದು ನಿಮಿಷದ ಬಗ್ಗೆ ನಾನು ಸ್ವಲ್ಪ ಹಟಮಾರಿ. ಐಸಿಯು ರೋಗಿ ಓಟಿ ರೋಗಿ ಥರ ಅಲ್ಲ. 2021ರಲ್ಲಿ ಬಂದ ಇನ್‌ಟ್ಯೂಬ್ ಅಧ್ಯಯನದಲ್ಲಿ 29 ದೇಶಗಳ ಸುಮಾರು ಮೂರು ಸಾವಿರ ರೋಗಿಗಳಿದ್ದರು. ಶೇ 42.6ರಷ್ಟು ಜನರಿಗೆ ರಕ್ತದೊತ್ತಡ ಕುಸಿದಿತ್ತು ಇಲ್ಲಾ ಅದನ್ನ ಏರಿಸೋ ಚಿಕಿತ್ಸೆ ಬೇಕಾಯ್ತು, ಶೇ 3.1ರಷ್ಟು ಜನರಿಗೆ ಹೃದಯವೇ ನಿಂತಿತ್ತು. ಟ್ಯೂಬ್ ಸರಿಯಾಗಿ ಕೂತು ರೋಗಿ ಹೋಗೋದು ಹೀಗೆ. ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಮೊದಲೇ ತುಂಬಿ ಪಂಪಿಗೆ ಜೋಡಿಸಿರಬೇಕು. ಬಿಪಿ ಬಿದ್ದ ಮೇಲೆ ಆಂಪುಲ್ ಹುಡುಕೋದಲ್ಲ. ತಲೆ ಕಡೆ ಎತ್ತಿ. ಮೂಗಿನ ಪ್ರಾಂಗ್‌ನಲ್ಲಿ 15 ಲೀಟರ್ ಬಿಡಿ, ಲ್ಯಾರಿಂಗೋಸ್ಕೋಪ್ ಬಾಯಲ್ಲಿದ್ದಾಗಲೂ ಅದನ್ನ ತೆಗೆಯಬೇಡಿ. ಬಿಗಿ ಮಾಸ್ಕಿನಿಂದ ಒತ್ತಡದಲ್ಲಿ ಗಾಳಿ ಕೊಡೋ ಬೈಪ್ಯಾಪ್ ಹೇಗೂ ನಿಮ್ಮಲ್ಲಿರುತ್ತೆ, ಅದರಲ್ಲೇ ಆಕ್ಸಿಜನ್ ತುಂಬಿಸಿ. 2024ರಲ್ಲಿ ಬಂದ ಅಮೆರಿಕದ ಪ್ರಿಆಕ್ಸಿ ಟ್ರಯಲ್‌ನಲ್ಲಿ ಬರೀ ಮಾಸ್ಕ್ ಇಟ್ಟವರಲ್ಲಿ ಶೇ 18.5ರಷ್ಟು ಜನರಿಗೆ ಆಕ್ಸಿಜನ್ ತೀರ ಕೆಳಗಿಳಿದರೆ, ಹೀಗೆ ಮಾಡಿದವರಲ್ಲಿ ಶೇ 9.1. ಔಷಧಿ ಕುಡಿದು ವಾಂತಿ ಮಾಡ್ತಿರೋರಿಗೆ ಮಾತ್ರ ಈ ಬೈಪ್ಯಾಪ್ ಮಾತು ಅನ್ವಯಿಸಲ್ಲ. ಅವರಿಗೆ ತಲೆದಿಂಬಿನ ಪಕ್ಕ ದಪ್ಪ ಸಕ್ಷನ್ ಚಾಲೂ ಇರಲಿ. ಕುಡಿದದ್ದು ಆರ್ಗನೋಫಾಸ್ಫರಸ್ ಕೀಟನಾಶಕ ಆಗಿದ್ದರೆ ಸ್ನಾಯು ಸಡಿಲಿಸೋ ಸ್ಕೋಲಿನ್ ಕೊಡಬೇಡಿ, ಅದನ್ನ ಒಡೆಯೋ ಕಿಣ್ವವನ್ನೇ ವಿಷ ಕಟ್ಟಿಹಾಕಿರುತ್ತೆ, ಗಂಟೆಗಟ್ಟಲೆ ಇಳಿಯಲ್ಲ.

ಕೊನೇದು ಕತ್ತು ಸೀಳಿ ಅಲ್ಲಿಂದಲೇ ಟ್ಯೂಬ್ ಹಾಕೋದು. ಟ್ಯೂಬೂ ಆಗಲಿಲ್ಲ, ಮಾಸ್ಕೂ ಇಲ್ಲ, ಐ-ಜೆಲ್ಲೂ ಇಲ್ಲ ಅಂದಾಗ ಉಳಿಯೋದು ಅದೊಂದೇ. ಇದಕ್ಕೆ ವರ್ಕ್‌ಶಾಪ್ ಫೀಸ್ ಬೇಡ, ನಿಮ್ಮೂರ ಮಟನ್ ಅಂಗಡಿ ಸಾಕು. ಹಿಂದಿನ ದಿನವೇ ಹೇಳಿಡಿ: ಧ್ವನಿಪೆಟ್ಟಿಗೆಯಿಂದ ಶ್ವಾಸನಾಳದವರೆಗೆ ಒಡೆಯದೆ, ಇಡಿಯಾಗಿ ಬೇಕು ಅಂತ. ಹೇಳದಿದ್ದರೆ ಅವನು ರೂಢಿಯಂತೆ ಕತ್ತರಿಸಿ ಬಿಸಾಡ್ತಾನೆ. ಮೇಕೇದಾದರೂ ಆಯ್ತು, ಕುರೀದಾದರೂ ಆಯ್ತು. ಹಲಗೆಗೆ ಮೊಳೆ ಹೊಡೆದು ಕೂರಿಸಿ, ಮೇಲೆ ದಪ್ಪ ಪ್ಲಾಸ್ಟರ್ ಎರಡು ಪದರ ಹಾಕಿ. 10ನೇ ನಂಬರ್ ಬ್ಲೇಡು, ಬೂಜಿ (ಟ್ಯೂಬಿಗೆ ದಾರಿ ತೋರೋ ಬಾಗೋ ತೆಳು ಕಡ್ಡಿ), 6ನೇ ನಂಬರ್ ಕಫ್ ಟ್ಯೂಬು, ಅಷ್ಟೇ ಸಾಮಾನು. ಎಡಗೈಯಲ್ಲಿ ಧ್ವನಿಪೆಟ್ಟಿಗೆ ಗಟ್ಟಿಯಾಗಿ ಹಿಡಿ, ಅದರ ಮುಂಭಾಗದ ಕೆಳಗಿನ ತಗ್ಗಿನಲ್ಲಿರೋ ಪೊರೆಯ ಮೇಲೆ ಅಡ್ಡಕ್ಕೆ ಚುಚ್ಚು, ಬ್ಲೇಡ್ ಹೊರಗೆ ತೆಗೆಯದೆ ಚೂಪು ಅಂಚನ್ನ ಕಾಲಿನ ಕಡೆ ತಿರುಗಿಸು, ಅದರ ಪಕ್ಕದಲ್ಲೇ ಬೂಜಿ ಜಾರಿಸು, ಬೂಜಿ ಮೇಲೆ ಟ್ಯೂಬು. ದಪ್ಪ ಕತ್ತಲ್ಲಿ ಪೊರೆ ಕೈಗೆ ಸಿಗದಿದ್ದರೆ ಮೊದಲು ಮಧ್ಯದಲ್ಲಿ ಉದ್ದಕ್ಕೆ 8ರಿಂದ 10 ಸೆಂಟಿಮೀಟರ್ ಸೀಳಿ, ಬೆರಳಲ್ಲಿ ಬಿಡಿಸಿ ಹುಡುಕಬೇಕು. 2003ರ ಒಂದು ಅಧ್ಯಯನದಲ್ಲಿ ಮ್ಯಾನಿಕಿನ್ ಮೇಲೆ, ಅಲ್ಲಿ ಬಳಸಿದ ಕಿಟ್‌ನಲ್ಲಿ, ಐದನೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲರೂ 40 ಸೆಕೆಂಡಿನೊಳಗೆ ಮುಗಿಸಿದರು. ಹಾಗಾಗಿ ತಲೆಗೆ ಐದು ಅಂತ ಇಟ್ಟುಕೊಳ್ಳಿ. ನೀವೂ ಸಾಲಲ್ಲಿ ನಿಲ್ಲಿ ಡಾಕ್ಟ್ರೇ, ಎಂ.ಡಿ. ಆದವರಿಗೆ ರಿಯಾಯಿತಿ ಇಲ್ಲ.

ರೆಫರ್ ರಾಜ

ಇಷ್ಟೆಲ್ಲ ಯಾಕೆ ಸ್ವಾಮಿ? ಅನಸ್ತೇಶಿಯಾದವರಿಲ್ಲ ಅಂದಮೇಲೆ ದೊಡ್ಡಾಸ್ಪತ್ರೆಗೆ ಕಳಿಸಿ. ಕತ್ತು ಕೊಯ್ದು ಆಮೇಲೆ ಕೋರ್ಟು ಅಲೆಯೋದು ಯಾರು?

ಗ್ಯಾಸ್ ಮೇಡಂ

ಕಳಿಸಬಹುದಾದವರನ್ನ ಹಗಲೇ ಕಳಿಸಲಿ, ನನ್ನ ತಕರಾರಿಲ್ಲ. ಹಾವು ಕಡಿದು ಉಸಿರು ನಿಲ್ಲಿಸಿದವನನ್ನ ಆಗುಂಬೆ ಘಾಟಿ ಇಳಿಸ್ತೀರಾ, ಕೈಯಲ್ಲಿ ಅಂಬು ಹಿಡಿಯೋಕೂ ಬಾರದ ಹುಡುಗನ ಜೊತೆ? ಕೋರ್ಟಿನ ಮಾತಿಗೆ: ನಮ್ಮ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಐಸಿಯುಗೇ ಅಂತ ಬೇರೆ ಮಾರ್ಗಸೂಚಿ ಕೊಟ್ಟಿದೆ. ಅದನ್ನ ಗೋಡೆಗೆ ಅಂಟಿಸಿ, ಅದರಂತೆ ನಡೆದು, ಮಾಡಿದ್ದನ್ನ ಟೈಮ್ ಹಾಕಿ ಕೇಸ್ ಶೀಟಲ್ಲಿ ಬರೆಯಿರಿ.

ಹುಬ್ಬಳ್ಳಿ ಸಿಸ್ಟರ್

ಮೇಡಂ ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಸಿಸ್ಟರ್‌ಗಳ ಮಾತು ಅದ್ರಾಗ ಎಲ್ಲೈತಿ? ಡಾಕ್ಟರು ಡಾಕ್ಟರೇ ಕೂಡಿ ತರಬೇತಿ ಮಾಡ್ಕೊಂಡ್ರ ರಾತ್ರಿ ಎರಡಕ್ಕ ಏನೂ ಉಪಯೋಗಿಲ್ರಿ. ಡ್ಯೂಟಿ ಡಾಕ್ಟರು ಬದಲಾಗ್ತಾರ, ನಾವು ಅಲ್ಲೇ ಇರ್ತೀವಿ.

2005ರಾಗ ಇಂಗ್ಲೆಂಡಿನ್ಯಾಗ ಎಲೇನ್ ಬ್ರೊಮೈಲಿ ಅನ್ನೂ ಹೆಣ್ಣಮಗಳು ಸೈನಸ್ ಆಪರೇಷನ್‌ಗೆ ಬಂದಿದ್ಲು. ಮಂಪರಿನ ಔಷಧ ಕೊಟ್ಟ ಕೂಡ್ಲೇ ಏರ್‌ವೇ ಕೈ ತಪ್ಪಿತು. ಅನುಭವ ಇದ್ದ ಡಾಕ್ಟರು ಸುತ್ತ ನಿಂತು ಟ್ಯೂಬ್ ಹಾಕೂದ ಹಾಕೂದು ಮಾಡ್ಯಾರ. ಒಬ್ಬ ನರ್ಸ್ ಕತ್ತಿನ್ಯಾಗ ಉಸಿರಿನ ತೂತು ಮಾಡೂ ಟ್ರೇಕಿಯಾಸ್ಟಮಿ ಸೆಟ್ ತಂದು ತಯಾರ್ ಐತಿ ಅಂತ ಹೇಳ್ಯಾಳ, ಇನ್ನೊಬ್ಬಾಕಿ ಐಸಿಯುಗೆ ಫೋನ್ ಹಚ್ಚಿ ಬೆಡ್ ಕೇಳ್ಯಾಳ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 13 ದಿನಕ್ಕ ಆಕಿ ತೀರ್ಕೊಂಡ್ಲು. ಆಕಿ ಗಂಡ ಮಾರ್ಟಿನ್ ವಿಮಾನದ ಪೈಲಟ್. ಬೈದಾಡ್ಕೋತ ಕೂಡ್ಲಿಲ್ಲ, ಕಾಕ್‌ಪಿಟ್‌ನ್ಯಾಗ ಕಿರಿಯರೂ ಬಾಯಿ ಬಿಡೂಹಂಗ ತರಬೇತಿ ಕೊಡ್ತಾರಲ್ಲ, ಅದನ್ನ ಆಸ್ಪತ್ರಿಗೆ ತರಾಕ 2007ರಾಗ ಒಂದು ಸಂಸ್ಥೆ ಕಟ್ಟಿದ.

ನಮ್ಮ ಕಡೆ ಕನ್ಸಲ್ಟಂಟ್ ಮುಂದ ಸಿಸ್ಟರ್ ಬಾಯಿ ತಗಿಯೂದು ಎಷ್ಟು ಕಷ್ಟ ಅಂತ ಬ್ಯಾರೆ ಹೇಳ್ಬೇಕೇನ್ರಿ? ಅದಕ್ಕ ನಮ್ಮ ವಾರ್ಡ್‌ನ್ಯಾಗ ಮಾತನ್ನ ಮೊದಲ ಗಟ್ಟಿ ಮಾಡೀವಿ. "ಸರ್, ಎರಡು ಸಲ ಆತು, ಸ್ಯಾಚುರೇಷನ್ 85, ಐ-ಜೆಲ್ ಕೈಯಾಗ ಐತಿ." ಇಷ್ಟ. ಇದನ್ನ ಹೇಳೂ ಕೆಲಸ ಯಾರದು ಅಂತ ಪಾಳಿ ಶುರುವಿಗೆ ಹೆಸರು ಬರಿತೀವಿ. ಡ್ರಿಲ್‌ನ್ಯಾಗ ಆಕಿ ಹೇಳಲಿಲ್ಲಂದ್ರ ಮತ್ತ ಮೊದಲಿಂದ. ದೊಡ್ಡ ಸರ್ ಬಂದು ನಿಂತಾಗ ಡ್ರಿಲ್ ಮಾಡ್ರಿ, ಅವರ ಮುಂದ ಹೇಳಿದ್ರ ಎಲ್ಲಾರ ಮುಂದೂ ಹೇಳ್ತಾರ.

ಟ್ರಾಲಿಗೆ ಕೀಲಿ ಹಾಕಬ್ಯಾಡ್ರಿ. ಕೀಲಿ ಇನ್‌ಚಾರ್ಜ್ ಮನ್ಯಾಗ ಇರ್ತೈತಿ.

ಲೀಡ್ಸ್ ಕನ್ನಡಿಗ

ನಾನು ಇಲ್ಲಿ ಐಸಿಯುನಲ್ಲಿ ಕೆಲಸ ಮಾಡ್ತೀನಿ. ಓದಿದ್ದು ಮೈಸೂರು. ಸಿಸ್ಟರ್ ಹೇಳಿದ್ದಕ್ಕೆ ಸೇರಿಸೋದೇನಿಲ್ಲ, ನೂರಕ್ಕೆ ನೂರು. ಮೇಡಂ ಹತ್ತಿರ ಒಂದು ಸಣ್ಣ ಜಗಳ ಇದೆ. ವಿಡಿಯೊ ಲ್ಯಾರಿಂಗೋಸ್ಕೋಪನ್ನ ಅಷ್ಟು ಸಲೀಸಾಗಿ ಪಕ್ಕಕ್ಕಿಡಬೇಡಿ. 2023ರ ಡಿವೈಸ್ ಟ್ರಯಲ್ ಅಮೆರಿಕದ ಎಮರ್ಜೆನ್ಸಿ ಮತ್ತು ಐಸಿಯುಗಳಲ್ಲೇ ನಡೆದದ್ದು. ಮೊದಲ ಸಲಕ್ಕೇ ಟ್ಯೂಬ್ ಕೂತಿದ್ದು ವಿಡಿಯೊದಲ್ಲಿ ಶೇ 85.1, ಮಾಮೂಲಿ ಬ್ಲೇಡಲ್ಲಿ ಶೇ 70.8. ಅನುಭವ ಕಡಿಮೆ ಇದ್ದವರಿಗೇ ಹೆಚ್ಚು ಲಾಭ ಆಯ್ತು. ಇನ್ನೊಂದು, ಪರದೆ ಇದ್ದರೆ ಸಿಸ್ಟರ್‌ಗೂ ಕಾಣುತ್ತೆ. ಟ್ಯೂಬ್ ಎಲ್ಲಿ ಹೋಗ್ತಿದೆ ಅಂತ ಒಬ್ಬನ ಕಣ್ಣಿಗೆ ಮಾತ್ರ ಗೊತ್ತಿರೋದು ತಪ್ಪುತ್ತೆ.

ಟ್ರೇಕಿಯಾಸ್ಟಮಿ ಬಗ್ಗೆ ಯಾರೂ ಮಾತಾಡಿಲ್ಲ. ನ್ಯಾಪ್-4ರ ಐಸಿಯು ಪಟ್ಟಿಯಲ್ಲಿ ದೊಡ್ಡ ಪಾಲು ಹೊಸದಾಗಿ ಟ್ಯೂಬ್ ಹಾಕೋದರದ್ದಲ್ಲ, ಹಾಕಿದ್ದ ಟ್ರೇಕಿ ಟ್ಯೂಬ್ ಜಾರಿದ್ದು. ಪಕ್ಕಕ್ಕೆ ಹೊರಳಿಸುವಾಗ, ಬೆನ್ನು ಒರೆಸುವಾಗ, ಅದರಲ್ಲೂ ದಪ್ಪ ಇದ್ದವರಲ್ಲಿ. ಇಲ್ಲಿ ತಲೆ ಕಡೆಯ ಗೋಡೆಗೆ ಬೋರ್ಡ್ ಹಾಕ್ತೀವಿ. ಹಸಿರು ಅಂದರೆ ಮೇಲಿನ ದಾರಿಯೂ ಇದೆ, ಬಾಯಿಂದಲೂ ಆಕ್ಸಿಜನ್ ಕೊಡಬಹುದು. ಕೆಂಪು ಅಂದರೆ ಧ್ವನಿಪೆಟ್ಟಿಗೆ ತೆಗೆದಿದ್ದಾರೆ, ಕತ್ತಿನ ತೂತೊಂದೇ ದಾರಿ, ಬಾಯಿಗೆ ಮಾಸ್ಕ್ ಇಟ್ಟರೆ ಏನೂ ಒಳಗೆ ಹೋಗಲ್ಲ. ಎರಡು ಬಣ್ಣದ ಪೇಪರ್, ಲ್ಯಾಮಿನೇಷನ್, ಅಷ್ಟೇ ಖರ್ಚು.

ಅಡಿಕೆಸೀಮೆ

ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಅನುಮಾನ ಸರಿ, ಕ್ಯಾಪ್ನೋಗ್ರಾಫ್ ಇರೋದು ಓಟಿಯಲ್ಲಿ ಮಾತ್ರ. ನಾಳೆಯೇ ಕೊಟೇಶನ್ ತರಿಸ್ತೀನಿ. ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಹುಬ್ಬಳ್ಳಿ ಸಿಸ್ಟರ್ ಬರೆದದ್ದನ್ನ ತೋರಿಸಿದೆ, ಕೀಲಿ ವಿಷಯ ಓದಿ ನಕ್ಕುಬಿಟ್ಟರು. ಯಾಕೆ ಅಂತ ಕೇಳಬೇಡಿ.

ಆದರೆ ಬಾಯಿ ತೆರೆಯದವರಿಗೆ ಏನು ಮಾಡೋದು? ಐ-ಜೆಲ್ಲೇ ಹೋಗಲ್ವಲ್ಲ.

ಗ್ಯಾಸ್ ಮೇಡಂ

ಲೀಡ್ಸ್ ಅವರೇ, ಅಂಕಿ ಒಪ್ಪಿದೆ, ಪರದೆಯ ಮಾತು ಇನ್ನೂ ಒಪ್ಪಿದೆ. ಕ್ಯಾಪ್ನೋಗ್ರಾಫ್ ಬಂದ ಮೇಲೆ ಮುಂದಿನ ವರ್ಷದ ದುಡ್ಡಲ್ಲಿ ವಿಡಿಯೊ ತಗೊಳ್ಳಲಿ. ಆದರೆ ಇವರ ಅಡಿಕೆ ರೋಗಿಗೆ ಅದರ ಬ್ಲೇಡು ಹಲ್ಲು ದಾಟಿ ಒಳಗೇ ಹೋಗಲ್ಲ.

ಡಾಕ್ಟ್ರೇ, ಅಂಥವರ ವಿಷಯದಲ್ಲಿ ರೆಫರ್ ರಾಜರ ಮಾತೇ ಸರಿ, ಹೊತ್ತು ನೋಡಿ ಅಷ್ಟೇ. ಅಡ್ಮಿಟ್ ಆದಾಗಲೇ ಪ್ರತಿ ರೋಗಿಗೂ ಅವರದೇ ಮೂರು ಬೆರಳು ಬಾಯಲ್ಲಿಡೋಕೆ ಹೇಳಿ, ಎಷ್ಟು ಹೋಯ್ತೋ ಚಾರ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ. ಎರಡಕ್ಕಿಂತ ಕಡಿಮೆ ಅಂದರೆ, ನ್ಯುಮೋನಿಯಾ ಇನ್ನೂ ಬೈಪ್ಯಾಪ್‌ನಲ್ಲಿ ತಡೀತಿರುವಾಗಲೇ, ಹಗಲಲ್ಲೇ, ಅನಸ್ತೇಶಿಯಾದವರಿಗೆ ತೋರಿಸಿ. ಎಚ್ಚರವಿರುವಾಗಲೇ ಬಾಗೋ ಫೈಬರ್‌ಆಪ್ಟಿಕ್ ಸ್ಕೋಪ್‌ನಲ್ಲಿ ನೋಡ್ಕೊಂಡು ಮೂಗಿನಿಂದ ಟ್ಯೂಬ್ ಹಾಕೋ ಕಡೆಗೆ ಕಳಿಸಿ, ಇಲ್ಲಾ ಇಎನ್‌ಟಿಯವರಿಂದ ಲೋಕಲ್ ಕೊಟ್ಟು ಟ್ರೇಕಿಯಾಸ್ಟಮಿ. ಡ್ಯೂಟಿ ಹುಡುಗರಿಗೆ ಒಂದೇ ಮಾತು: ಇಂಥವರಿಗೆ ರಾತ್ರಿ ಉಸಿರಿನ ಸ್ನಾಯು ನಿಲ್ಲಿಸೋ ಔಷಧಿ ಮುಟ್ಟಬೇಡಿ. ತಾನಾಗಿ ಎಳೆಯೋ ಉಸಿರು ಎಷ್ಟೇ ಕೆಟ್ಟದಾಗಿದ್ದರೂ ಅದು ಉಸಿರೇ.

ಪೊರೆಯ ಜಾಗ ಸಮಾಧಾನವಾಗಿ ಇರುವಾಗಲೇ ಹುಡುಕಿ, ಕತ್ತಿನ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿಡಿ. ಹೆಂಗಸರಲ್ಲಿ, ದಪ್ಪ ಇದ್ದವರಲ್ಲಿ ಬೆರಳಿಗೆ ಸರಿಯಾಗಿ ಸಿಗಲ್ಲ, ಅಲ್ಟ್ರಾಸೌಂಡ್ ಇದ್ದರೆ ಅದರಲ್ಲಿ ನೋಡಿ. ಮಾರ್ಕರ್ ಪೆನ್ನನ್ನ ದಾರ ಕಟ್ಟಿ ಟ್ರಾಲಿಗೇ ಬಿಗಿದುಬಿಡಿ, ಇಲ್ಲದಿದ್ದರೆ ಯಾರೋ ಐವಿ ಬಾಟಲಿ ಮೇಲೆ ಬರೆಯೋಕೆ ತಗೊಂಡು ಹೋಗಿರ್ತಾರೆ.