‘ದಾಯ’ ಅಂದ್ರೆ ಏನು? ಅಜ್ಜನ ಪಾಲುಪಟ್ಟಿಯಲ್ಲಿ ಸಿಕ್ಕಿದ ಪದ

ಕಾಫಿಗಿಡ, ಸೋಮವಾರಪೇಟೆ:
ಅಟ್ಟ ಸೋರುತ್ತಿದೆ ಅಂತ ತಗಡಿನ ಪೆಟ್ಟಿಗೆ ಕೆಳಗಿಳಿಸಿದಾಗ ಅಜ್ಜನ ಕಾಲದ ಪಾಲುಪಟ್ಟಿ ಸಿಕ್ಕಿತು. ಅಂಚೆಲ್ಲ ಗೆದ್ದಲು ತಿಂದಿದೆ, ಅಕ್ಷರ ಮಾತ್ರ ಮುತ್ತಿನ ಹಾಗಿದೆ. ಮನೆ ಪಕ್ಕದ ತೋಟಕ್ಕೆ ‘ಅಪ್ರತಿಬಂಧ ದಾಯ’ ಅಂತ ಬರೆದಿದ್ದಾರೆ, ಮಕ್ಕಳಿಲ್ಲದೆ ತೀರಿಕೊಂಡ ಚಿಕ್ಕಜ್ಜನ ಗದ್ದೆಗೆ ‘ಸಪ್ರತಿಬಂಧ ದಾಯ’ ಅಂತ. ನನಗೆ ಗೊತ್ತಿರುವ ದಾಯ ಪಗಡೆಯಲ್ಲಿ ಬೀಳುವುದು, ದಾಯಾದಿ ಅಂದ್ರೆ ರಾತ್ರೋರಾತ್ರಿ ಬೇಲಿ ಸರಿಸುವವರು! ಗದ್ದೆ ಮೇಲೆ ಏನಾದರೂ ತಡೆಯಾಜ್ಞೆ ಇತ್ತು ಅಂತ ಅರ್ಥನಾ? ತಂಗಿ ಆಗಲೇ ಹೆದರಿದ್ದಾಳೆ.

ಹಳೇ ಕಡತ:
ಹೆದರಬೇಡಿ, ಕೋರ್ಟಿನ ತಡೆಗೂ ಇದಕ್ಕೂ ಸಂಬಂಧ ಇಲ್ಲ. ದಾಯ ಅಂದ್ರೆ ಒಡೆಯನಿಗೆ ನಾವು ಇಂಥ ಸಂಬಂಧಿ ಅನ್ನುವ ಒಂದೇ ಕಾರಣಕ್ಕೆ ನಮ್ಮದಾಗುವ ಆಸ್ತಿ. ಕೊಂಡದ್ದಲ್ಲ, ದಾನ ಬಂದದ್ದೂ ಅಲ್ಲ. ಹೀಗೆ ಹೇಳಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ನಮ್ಮ ಕಲ್ಯಾಣದ ಚಾಲುಕ್ಯರ 6ನೇ ವಿಕ್ರಮಾದಿತ್ಯನ ಕಾಲದವನು. ಅಪ್ಪ, ಅಜ್ಜನ ಆಸ್ತಿಯಲ್ಲಿ ಮಗ, ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು, ಅದು ಅಪ್ರತಿಬಂಧ. ಚಿಕ್ಕಜ್ಜನ ಗದ್ದೆ ಹಾಗಲ್ಲ. ಅವರು ಬದುಕಿರುವ ತನಕ, ಅವರಿಗೆ ಮಕ್ಕಳಾಗಬಹುದು ಅನ್ನುವ ತನಕ ನಿಮ್ಮ ಅಜ್ಜನಿಗೆ ಅಡ್ಡಿ ಇತ್ತು. ಆ ಅಡ್ಡಿಯೇ ಪ್ರತಿಬಂಧ. ಬಂಗಾಳದ ಜೀಮೂತವಾಹನ ಇದನ್ನು ಒಪ್ಪಲಿಲ್ಲ, ಅವನ ದಾಯಭಾಗ ಅನ್ನುವ ಗ್ರಂಥದ ಪ್ರಕಾರ ಅಪ್ಪ ಕಣ್ಣು ಮುಚ್ಚುವವರೆಗೆ ಮಗನಿಗೆ ಏನೂ ಇಲ್ಲ. ಪತ್ರ ಬರೆದವರು ಚೆನ್ನಾಗಿ ಓದಿಕೊಂಡವರು, ಬಿಡಿ.

ಬಾಣೆಮನೆ, ವಿರಾಜಪೇಟೆ:
ಪತ್ರದಲ್ಲಿ ಜಮ್ಮ ಅಂತ ಎಲ್ಲಾದರೂ ಇದೆಯಾ ನೋಡಿ, ಅದು ನಮ್ಮ ಕೊಡಗಿನ ಹಳೇ ಭೂಹಿಡುವಳಿ, ಇದ್ದರೆ ಕಥೆ ಬೇರೆ. ಜಮ್ಮ ಅಂದ್ರೆ ಜನ್ಮ, ಅಲ್ಲಿಗೆ ಅದೂ ಹುಟ್ಟಿನ ಹಕ್ಕೇ ಆಯ್ತಲ್ವಾ? ಆದರೆ ನಮ್ಮಲ್ಲಿ ಹಕ್ಕು ಇಡೀ ಒಕ್ಕದ್ದು, ಅಂದ್ರೆ ಒಂದೇ ಮನೆತನದವರೆಲ್ಲರದ್ದು, ಹೆಸರು ಮಾತ್ರ ಅದರ ಯಜಮಾನ ಪಟ್ಟೆದಾರರದ್ದು. ಹಿಂದೆ ಸಾಗು, ಅಂದ್ರೆ ಪೂರ್ತಿ ಕಂದಾಯದ ಮಾಮೂಲಿ ಹಿಡುವಳಿಯ ಗದ್ದೆಗೆ 100 ಭಟ್ಟಿಗೆ (ಗದ್ದೆ ಅಳೆಯುವ ಹಳೇ ಲೆಕ್ಕ) 10 ರೂಪಾಯಿ ಕಂದಾಯ ಇದ್ದರೆ ಜಮ್ಮಕ್ಕೆ 5. ಉಳುಮೆಯ ಅನುಕೂಲಕ್ಕೆ ಅಣ್ಣತಮ್ಮಂದಿರು ಹಂಚಿಕೊಂಡು ತಿಂದರೂ ಕಾಗದದಲ್ಲಿ ಒಡೆಯುತ್ತಿರಲಿಲ್ಲ. ನಮ್ಮ ಪಹಣಿಯಲ್ಲಿ ಈಗಲೂ ಸಾಲುಸಾಲು ಹೆಸರು, ಅರ್ಧ ಜನ ತೀರಿಕೊಂಡಿದ್ದಾರೆ. ಒಂದು ಸಾಲ ಎತ್ತಬೇಕಾದರೂ ಎಲ್ಲರ ಮನೆ ಬಾಗಿಲಿಗೆ ಅಲೆಯಬೇಕು.

ಪದಹುಚ್ಚ:
ದಾಯಾದಿಯಲ್ಲಿರುವ ‘ಆದಿ’ ಮೊದಲಾದವರು ಅನ್ನುವ ಆದಿ ಅಲ್ಲ. ಸಂಸ್ಕೃತದಲ್ಲಿ ದಾಯಾದ, ದಾಯವನ್ನು ತೆಗೆದುಕೊಳ್ಳುವವನು, ಅಷ್ಟೇ. ಅದರಲ್ಲಿ ಜಗಳ ಎಲ್ಲೂ ಇಲ್ಲ, ಅದನ್ನು ಸೇರಿಸಿದ್ದು ನಾವು.

ಕಾಫಿಗಿಡ:
ಜಮ್ಮ ಇಲ್ಲ, ಸಾಗು ಅಂತಲೇ ಇದೆ. ಒಂದು ಸಂಶಯ, ಮಗ ಮೊಮ್ಮಗ ಅಂದಿರಿ, ತಂಗಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ಹಳೇ ಕಡತ:
ಅದು ಹಳೇ ಶಾಸ್ತ್ರ ಕಣ್ರೀ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕಾಗಿಯೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲೇ ರಿಜಿಸ್ಟರ್ ಆದ ಪಾಲನ್ನು ಅದು ಕೆದಕುವುದಿಲ್ಲ. ನಿಮ್ಮ ಪತ್ರದ ಹಿಂದೆ ಸೀಲು ಇದೆಯಾ?

ಕಾಫಿಗಿಡ:
ಸೀಲು ಇರಬೇಕಾದ ಮೂಲೆಯನ್ನೇ ಗೆದ್ದಲು ತಿಂದಿದೆ.